ಹೊಟ್ಟೆಯ ಪೊರೆ ಹೀರಿದ ರಕ್ತ

'ಹೊಟ್ಟೆ' ಎಂದೊಡನೆ ನೆನಪಾಗುವುದು ಅನ್ನ ಸೇರುವ ಚೀಲ. ಅದು ಜಠರ. ಜಠರ, ಕರುಳು, ಯಕೃತ್ತುಗಳೆಲ್ಲ ಕುಳಿತಿರುವ ಉದರದ ಪೊಳ್ಳು ಬೇರೆ. ಅದರ ಒಳಗೋಡೆಗೆ ಅಂಟಿಕೊಂಡು ಅಂಗಗಳನ್ನೂ ಹೊದೆದಿರುವ ತೆಳುಪೊರೆಯೇ ಪೆರಿಟೋನಿಯಂ. ವಯಸ್ಕರಲ್ಲಿ ಇದರ ವಿಸ್ತಾರ ಒಂದರಿಂದ ಎರಡು ಚದರ ಮೀಟರ್, ಹೆಚ್ಚುಕಡಿಮೆ ಮೈಚರ್ಮದಷ್ಟು!

ಈ ಪೊರೆ ದ್ರವವನ್ನು ಹೀರುತ್ತದೆ. ನೀರು, ಲವಣ, ಗ್ಲೂಕೋಸ್‌ಗಳು ಪೊರೆಯಡಿಯ ಲೋಮನಾಳಗಳಿಗೆ ನೇರವಾಗಿ ಜಿನುಗುತ್ತವೆ. ಇಡೀ ಕೆಂಪು ರಕ್ತಕಣ ಹಾಗೆ ತೂರಲಾರದು. ಅದಕ್ಕೆ ಬೇರೆ ಬಾಗಿಲಿದೆ. ಎದೆಗೂಡನ್ನೂ ಉದರವನ್ನೂ ಬೇರ್ಪಡಿಸುವ ವಪೆಯ ಕೆಳಮೈಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ವಪೆ ಏರಿಳಿದಂತೆ ಇವುಗಳ ಮೂಲಕ ದ್ರವ ದುಗ್ಧರಸ ನಾಳಗಳಿಗೆ ಸೇರಿ, ಅಲ್ಲಿಂದ ಕತ್ತಿನ ಬುಡದ ರಕ್ತನಾಳಕ್ಕೆ ಬೀಳುತ್ತದೆ. ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ 1860ರ ದಶಕದಲ್ಲೇ ಮೊಲದ ವಪೆಯ ಮೇಲೆ ಹಾಲು ಹಾಕಿ, ಅದರ ಕಣಗಳು ಒಳಗಿಳಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು.

ನೂರು ವರ್ಷಗಳ ಬಳಿಕ ಈ ಬಾಗಿಲು ಶಿಶುಗಳ ಪ್ರಾಣ ಉಳಿಸಿತು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದರೆ, ಸಾಮಾನ್ಯವಾಗಿ ಎರಡನೆಯ ಅಥವಾ ನಂತರದ ಬಸಿರಿನಲ್ಲಿ, ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕಣಗಳನ್ನು ನಾಶಮಾಡಬಹುದು. ಹುಟ್ಟಿದ ಕೂಡಲೇ ಮಗುವಿನ ರಕ್ತ ಬದಲಿಸುವ ಚಿಕಿತ್ಸೆ ಆಗಲೇ ಇತ್ತು. ಆದರೆ ಹುಟ್ಟುವವರೆಗೂ ಬದುಕದ ಮಗುವಿಗೆ ಅದರಿಂದೇನು?

ಗರ್ಭದಲ್ಲಿರುವ ಮಗುವಿನ ರಕ್ತನಾಳ ಹುಡುಕಿ ಸೂಜಿ ಚುಚ್ಚುವುದು ಅಂದಿಗೆ ಆಗದ ಮಾತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ವೈದ್ಯ ವಿಲಿಯಂ ಲೈಲಿ ನಾಳದ ಗೊಡವೆಯನ್ನೇ ಬಿಟ್ಟರು. ಎಕ್ಸ್‌ರೇ ನೋಡಿಕೊಂಡು, ತಾಯಿಯ ಹೊಟ್ಟೆ ಮತ್ತು ಗರ್ಭಕೋಶ ದಾಟಿಸಿ, ಸೂಜಿಯನ್ನು ಮಗುವಿನ ಉದರದ ಪೊಳ್ಳಿಗೇ ಇಳಿಸಿ ರಕ್ತ ತುಂಬಿದರು. ಮೊದಲ ಮೂರು ಶಿಶುಗಳು ಉಳಿಯಲಿಲ್ಲ. 1963ರಲ್ಲಿ ನಾಲ್ಕನೆಯದು ಉಳಿಯಿತು. ಗರ್ಭದಲ್ಲಿ ಗಾಳಿಯಿಲ್ಲದಿದ್ದರೂ ಮಗು ಉಸಿರಾಟದ ಅಭ್ಯಾಸ ಮಾಡುವಂತೆ ವಪೆಯನ್ನು ಆಡಿಸುತ್ತಿರುತ್ತದೆ. ತುಂಬಿದ ರಕ್ತಕಣಗಳು ಕೆಲವು ದಿನಗಳಲ್ಲಿ ಅದರ ಸ್ವಂತ ರಕ್ತಕ್ಕೆ ಸೇರಿಬಿಡುತ್ತವೆ.

ಮಗುವಿನ ಹೊಟ್ಟೆಯಲ್ಲಿ ಆಗಲೇ ನೀರು ತುಂಬಿದ್ದರೆ ಮಾತ್ರ ಹೀರಿಕೆ ಕುಂಠಿತ. ಮುಂದೆ ಅಲ್ಟ್ರಾಸೌಂಡ್ ಬಂದ ಮೇಲೆ ಹೊಕ್ಕುಳಬಳ್ಳಿಯ ರಕ್ತನಾಳಕ್ಕೇ ರಕ್ತ ಕೊಡುವುದು ರೂಢಿಯಾಯಿತು. 1968ರಿಂದ ಆಂಟಿ-ಡಿ ಚುಚ್ಚುಮದ್ದು ಬಳಕೆಗೆ ಬಂದು ಇಂಥ ಪ್ರಸಂಗಗಳೇ ಕಡಿಮೆಯಾದವು. ಬಸುರಿಯರ ರಕ್ತದ ಗುಂಪನ್ನು ಮೊದಲೇ ಪರೀಕ್ಷಿಸುವುದು ಇದಕ್ಕಾಗಿಯೂ ಹೌದು. ಪ್ರತಿಕಾಯಗಳು ಒಮ್ಮೆ ಹುಟ್ಟಿಕೊಂಡ ಮೇಲೆ ಈ ಚುಚ್ಚುಮದ್ದು ಅವನ್ನು ಅಳಿಸಲಾರದು.