ಏಳನೇ ಕ್ಲಾಸಿನ ಲೆಕ್ಕ, ಪೇಪರಿನ ಕ್ರಾಂತಿ

ಪೇಪರಿನಲ್ಲಿ ‘ಕೃಷಿಯಲ್ಲಿ ಕ್ರಾಂತಿ’ ಎಂಬ ತಲೆಬರಹ ಕಂಡರೆ ನಾನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಕ್ರಾಂತಿ ಯಾರದ್ದೇ ಆಗಿರಲಿ, ಖರ್ಚು ಮಾತ್ರ ನಮ್ಮದು. ವಿಜ್ಞಾನದ ಮೇಲೆ ನನಗೇನೂ ಸಿಟ್ಟಿಲ್ಲ. ಅದರ ಸುದ್ದಿ ಹಳ್ಳಿಗೆ ಬರುವ ರೀತಿಯ ಬಗ್ಗೆ ತಕರಾರಿದೆ. ಗಟ್ಟಿ ಸಂಶೋಧನೆಯೂ ಬರೀ ಜಾಹೀರಾತೂ ಒಂದೇ ಥರದ ಬಟ್ಟೆ ಹಾಕಿಕೊಂಡು ಬರುತ್ತವೆ. ಕಾಳು ಯಾವುದು, ಹೊಟ್ಟು ಯಾವುದು ಎಂದು ತೂರಿ ನೋಡಲು ದೊಡ್ಡ ಓದು ಬೇಡ. ನಾನು ಓದಿದ್ದು ಏಳನೇ ಕ್ಲಾಸು. ಅಲ್ಲಿ ಕಲಿಸಿದ ಗುಣಾಕಾರ, ಭಾಗಾಕಾರ, ಶೇಕಡಾ ಲೆಕ್ಕ ಇದ್ದರೆ ಮೂರು ಪ್ರಶ್ನೆ ಕೇಳಬಹುದು. ಎಷ್ಟು? ಎಲ್ಲಿ? ಪಕ್ಕದ ಸಾಲಿನಲ್ಲಿ ಏನಾಯಿತು?

ಇದು ಕಟ್ಟೆ ಮೇಲಿನ ಹರಟೆಯಲ್ಲ. ನೀರಾವರಿ ಇದ್ದವರಿಗೆ ಒಂದು ಬೆಳೆ ಕೈಕೊಟ್ಟರೆ ಇನ್ನೊಂದಕ್ಕೆ ದಾರಿ ಉಂಟು. ಚಳ್ಳಕೆರೆ ಸೀಮೆಯ ನಮ್ಮಂಥ ಮಳೆ ನಂಬಿದವರಿಗೆ ವರ್ಷಕ್ಕೆ ಒಂದೇ ಬಿತ್ತನೆ. ಬಿತ್ತನೆ ಶೇಂಗಾ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಎಲ್ಲದರ ಸಾಲವೂ ಆ ಒಂದು ಬಿತ್ತನೆಯ ತಲೆ ಮೇಲೆ. ಪೇಪರಿನವರು ತಪ್ಪು ಬರೆದರೆ ಮಾರನೇ ದಿನ ಒಂದು ಮೂಲೆಯಲ್ಲಿ ತಿದ್ದುಪಡಿ ಹಾಕುತ್ತಾರೆ. ನಮ್ಮ ಹೊಲದಲ್ಲಿ ತಿದ್ದುಪಡಿ ಹಾಕಬೇಕಾದರೆ ಮುಂದಿನ ಮುಂಗಾರೇ ಬರಬೇಕು.

ಬಾಟಲಿಯೊಳಗೆ ಮೂಟೆ

2021ರಲ್ಲಿ ನ್ಯಾನೊ ಯೂರಿಯಾ ಬಂತು. ಅರ್ಧ ಲೀಟರಿನ ಒಂದು ಬಾಟಲಿ ಒಂದು ಮೂಟೆ ಯೂರಿಯಾಕ್ಕೆ ಸಮ ಎಂದು ಸುದ್ದಿ. ಗೊಬ್ಬರದ ಅಂಗಡಿ ಮುಂದೆ ಒಬ್ಬ ಹುಡುಗ ನನಗೂ ಹೇಳಿದ. “ಇನ್ಮೇಲೆ ಮೂಟೆ ಹೊರೋ ಕೆಲ್ಸನೇ ಇಲ್ಲ ಯಜಮಾನ್ರೆ, ಚೀಲದಾಗೆ ಇಟ್ಕಂಡು ಬಸ್ ಹತ್ತಬೌದು.”

ಲೆಕ್ಕ ಹಾಕೋಣ. ಮೂಟೆ 45 ಕಿಲೊ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. ಅಂದರೆ ಮೂಟೆಯಲ್ಲಿ 20 ಕಿಲೊ 700 ಗ್ರಾಂ. ಆಗ ಬಂದ ಬಾಟಲಿಯಲ್ಲಿ ಸಾರಜನಕ ನೂರಕ್ಕೆ 4 ಪಾಲು ಇತ್ತು. ಅರ್ಧ ಲೀಟರಿಗೆ 20 ಗ್ರಾಂ. ಅಲ್ಲೂ ಇಪ್ಪತ್ತು, ಇಲ್ಲೂ ಇಪ್ಪತ್ತು, ಸಮ ಅಂದದ್ದು ಸುಳ್ಳಲ್ಲ. ಒಂದು ಕಿಲೊ, ಇನ್ನೊಂದು ಗ್ರಾಂ ಅಷ್ಟೆ!

ಮಣ್ಣಿಗೆ ಹಾಕಿದ್ದು ಪೋಲಾಗುತ್ತದೆ, ಎಲೆಗೆ ಹೊಡೆದದ್ದು ಬೆಳೆಗೆ ದಕ್ಕುತ್ತದೆ ಎಂಬುದು ಅದರ ಪರವಾದ ಮಾತು. ಯೂರಿಯಾ ಪೋಲಾಗುವುದು ನಿಜವೇ. ಮೂಟೆಯ ಮುಕ್ಕಾಲು ಪಾಲು ಗಾಳಿಗೂ ನೀರಿಗೂ ಹೋಯಿತು ಅಂತಲೇ ಇಟ್ಟುಕೊಳ್ಳಿ. ಉಳಿದ 5 ಕಿಲೊ ಸಹ ಆ ಬಾಟಲಿಯಲ್ಲಿ ಇದ್ದುದರ 250 ಪಟ್ಟು ಆಯಿತು. ಹೋಳಿಗೆಯ ವಾಸನೆ ಹಿಡಿದರೆ ಊಟ ಆದಂಗೆ ಎನ್ನುವ ಮಾತು ಇದು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಭತ್ತ, ಗೋಧಿಯಲ್ಲಿ ಎರಡು ವರ್ಷ ಪ್ರಯೋಗ ಮಾಡಿದರು. ಯೂರಿಯಾ ಕಡಿಮೆ ಮಾಡಿ ಅದರ ಬದಲು ನ್ಯಾನೊ ಹೊಡೆದಾಗ ಇಳುವರಿ ಕುಸಿಯಿತು. ಬಾಟಲಿಯ ಸುದ್ದಿ ನಮ್ಮೂರಿಗೆ ಬಂದಷ್ಟು ಬೇಗ ಈ ಸುದ್ದಿ ಬರಲಿಲ್ಲ. ಇಳಿದ ಇಳುವರಿಗೆ ಏಜೆಂಟರು ಇರುವುದಿಲ್ಲವಲ್ಲ.

ಯಾವ ಹೊಲದ ಮಳೆ?

ಎರಡನೇ ಪ್ರಶ್ನೆ ಎಲ್ಲಿ ಎಂಬುದು. ಈಗ ಎಲ್ಲೆಲ್ಲೂ ಕೃತಕ ಬುದ್ಧಿಯದ್ದೇ ಸುದ್ದಿ. 2025ರ ಮುಂಗಾರಿಗೆ ಕೇಂದ್ರದ ಕೃಷಿ ಇಲಾಖೆ ಅದನ್ನೇ ಬಳಸಿ 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಮೊಬೈಲಿಗೆ ಮಳೆಯ ಮುನ್ಸೂಚನೆ ಕಳಿಸಿತು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಆಮೇಲೆ ಮುಂದಕ್ಕೆ ಹೋಗದೆ ದಿನಗಟ್ಟಲೆ ನಿಂತುಬಿಟ್ಟಿತ್ತು. ಈ ನಿಲುಗಡೆಯನ್ನು ಆ ಲೆಕ್ಕ ಮೊದಲೇ ಹೇಳಿತ್ತು. ಇದು ಮೆಚ್ಚಬೇಕಾದ ಕೆಲಸ. ಮೊದಲ ಹನಿಗೆ ಮೋಸ ಹೋಗಿ ಬೀಜ ಮಣ್ಣುಪಾಲು ಮಾಡುವುದು ತಪ್ಪಿದರೆ ಅದೇ ಒಂದು ಬೆಳೆ ಗೆದ್ದಂತೆ.

ಆದರೆ ಇಂಥ ಲೆಕ್ಕವೆಲ್ಲ ಹತ್ತಾರು ಮೈಲಿ ಉದ್ದಗಲದ ಚೌಕಗಳಲ್ಲಿ ನಡೆಯುತ್ತದೆ. ನಮ್ಮ ಕಡೆಯ ಮಳೆಗೆ ಚೌಕ ಗೊತ್ತಿಲ್ಲ. ಅದು ಎತ್ತಿನ ಒಂದು ಕೊಂಬು ನೆನೆಸಿ ಇನ್ನೊಂದನ್ನು ಒಣಗಿಸಿಟ್ಟು ಹೋಗುತ್ತದೆ. ಪಂಚಾಯ್ತಿಗೊಂದು ಮಳೆಮಾಪಕ ಕೂರಿಸಿರುವುದು ಕರ್ನಾಟಕದ ಹೆಚ್ಚುಗಾರಿಕೆಯೇ. ಆದರೂ ಮಾಪಕದ ತಲೆ ಮೇಲೆ ಮಳೆ ಬಿದ್ದ ದಿನ ಎರಡು ಮೈಲಿ ಆಚೆಯ ಹೊಲದಲ್ಲಿ ದೂಳು ಏಳುತ್ತಿರುತ್ತದೆ. ಕಾಗದದಲ್ಲಿ ಮಾತ್ರ ಎಲ್ಲರಿಗೂ ‘ವಾಡಿಕೆ ಮಳೆ’. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ 4,000 ಲೀಟರ್ ನೀರು. ಹತ್ತು ಮಿಲಿಮೀಟರ್ ಎಂದು ಬರೆದುಬಿಟ್ಟರೆ ನನ್ನ ಹೊಲಕ್ಕೆ ಬಾರದ 40,000 ಲೀಟರ್ ನೀರನ್ನು ನನ್ನ ಲೆಕ್ಕಕ್ಕೆ ಬರೆದಂತೆ. ಪರಿಹಾರ, ವಿಮೆ ಎಲ್ಲ ಈ ಕಾಗದ ನೋಡಿಕೊಂಡೇ ಬರಬೇಕಾದಾಗ ಎಲ್ಲಿ ಎಂಬ ಪ್ರಶ್ನೆ ಸಣ್ಣದಲ್ಲ.

ಬಸುರಿಲ್ಲದ ಹೆರಿಗೆ

ಬರ ಬಂದಾಗಲೆಲ್ಲ ಮೋಡ ಬಿತ್ತನೆಯ ಸುದ್ದಿಯೂ ಬರುತ್ತದೆ. ನಮ್ಮ ಸರ್ಕಾರ 2003ರಲ್ಲಿ ‘ವರುಣ’ ಮಾಡಿತು, 2017ರಲ್ಲಿ ‘ವರ್ಷಧಾರಿ’. ವಿಮಾನದಲ್ಲಿ ಹೋಗಿ ಮೋಡದೊಳಗೆ ಸಿಲ್ವರ್ ಅಯೊಡೈಡ್ ಅಥವಾ ಉಪ್ಪಿನ ಕಣ ಬಿಡುತ್ತಾರೆ. ಅದರ ಸುತ್ತ ತೇವ ಕೂಡಿಕೊಂಡು ಹನಿ ದಪ್ಪಗಾಗಿ ಬೀಳಬೇಕು. ಅಂದರೆ ಇದು ಸೂಲಗಿತ್ತಿಯ ಕೆಲಸ. ಬಸುರಿ ಇದ್ದರೆ ಸೂಲಗಿತ್ತಿ ನೆರವಾಗುತ್ತಾಳೆ. ಬಸುರೇ ಇಲ್ಲದ ಕಡೆ ಎಷ್ಟು ದೊಡ್ಡ ಸೂಲಗಿತ್ತಿ ಬಂದು ಕೂತರೂ ಮಗು ಹುಟ್ಟುವುದಿಲ್ಲ.

ದೆಹಲಿಯವರು 2025ರ ಅಕ್ಟೋಬರ್ 28ರಂದು ಇದನ್ನೇ ಮಾಡಿದರು. ಅವರಿಗೆ ಬೆಳೆಗಲ್ಲ, ಹೊಗೆ ತೊಳೆಯಲು ಮಳೆ ಬೇಕಿತ್ತು. ತೇವಾಂಶ ಶೇಕಡಾ 10-15 ಮಾತ್ರ ಇತ್ತು. ಹೇಳಿಕೊಳ್ಳುವಂಥ ಮಳೆ ಬರಲಿಲ್ಲ. ಪ್ರಯೋಗ ಮಾಡಿದ ಕಾನ್ಪುರದ ಐಐಟಿಯವರೇ ತೇವ ಸಾಲಲಿಲ್ಲ ಎಂದರು.

ಇನ್ನು ಬಿತ್ತಿದ ದಿನ ಮಳೆ ಬಂದರೂ ಅದು ಬಿತ್ತಿದ್ದರಿಂದಲೇ ಬಂತು ಎನ್ನುವುದು ಹೇಗೆ? ಬಿತ್ತದಿದ್ದರೂ ಬರುತ್ತಿತ್ತೋ ಏನೋ. ಇಲ್ಲೇ ಪಕ್ಕದ ಸಾಲು ಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018, 2019ರಲ್ಲಿ ಸೊಲ್ಲಾಪುರದ ಸುತ್ತ ಸರಿಯಾದ ಕೆಲಸ ಮಾಡಿದರು. 276 ಮೋಡಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಕೆಲವಕ್ಕೆ ಬಿತ್ತಿದರು, ಕೆಲವನ್ನು ಹಾಗೇ ಬಿಟ್ಟರು. ಎರಡನ್ನೂ ಹೋಲಿಸಿದಾಗ ಬಿತ್ತಿದ ಕಡೆ ಮಳೆ ಸರಾಸರಿ ಶೇಕಡಾ 18 ಹೆಚ್ಚು. ಇದು ನಂಬುವಂಥ ಸುದ್ದಿ. ಆದರೆ ಶೇಕಡಾ 18 ಯಾವುದರ ಮೇಲೆ ಎಂದು ಕೇಳಬೇಕು. 100 ಮಿಲಿಮೀಟರ್ ಬರುವಲ್ಲಿ 118 ಆಗುತ್ತದೆ. 10 ಬರುವಲ್ಲಿ 12ಕ್ಕೂ ಕಡಿಮೆ. ಸೊನ್ನೆಯ ಶೇಕಡಾ 18 ಸೊನ್ನೆಯೇ. ಮೋಡವೇ ಇಲ್ಲದ ಬರಗಾಲಕ್ಕೆ ಇದು ಮದ್ದಲ್ಲ ಎಂದು ತಿಳಿಯಲು ಇಷ್ಟು ಸಾಕು.

ಚಂದ್ರನ ನಾಲ್ಕು ಬೆರಳು

ಸುದ್ದಿ ಹೇಗಿರಬೇಕು ಎನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಟಿವಿ ಮುಂದೆ ಕೂತು ನಾನೂ ಚಪ್ಪಾಳೆ ಹೊಡೆದೆ. ಚಂದ್ರನ ಕೆಲಸದಲ್ಲಿ ನಮ್ಮ ತಾಲ್ಲೂಕಿನ ಪಾಲೂ ಇದೆ. ಹಿಂದೆ ಚಂದ್ರಯಾನ-2ರ ತಯಾರಿಗೆ ಇಸ್ರೊದವರು ಚಂದ್ರನ ಮೇಲಿನಂಥ ಗುಂಡಿಗಳನ್ನು ನಮ್ಮ ಉಳ್ಳಾರ್ತಿ ಕಾವಲಿನಲ್ಲಿ ತೋಡಿಸಿ ಉಪಕರಣಗಳನ್ನು ಪರೀಕ್ಷೆ ಮಾಡಿದ್ದರು. ಚಂದ್ರನ ಬದಲಿಗೆ ನಿಲ್ಲಿಸಬಹುದಾದ ನೆಲ ಎಂದು ಇಸ್ರೊದವರೇ ಒಪ್ಪಿದ ಮೇಲೆ ಬರ ಪರಿಹಾರದ ಅರ್ಜಿಗೆ ನಾವು ಬೇರೆ ದಾಖಲೆ ಯಾಕೆ ಲಗತ್ತಿಸಬೇಕೋ!

ವಿಕ್ರಮ್ ಅಲ್ಲಿನ ಮಣ್ಣಿಗೆ ಒಂದು ಸಲಾಕೆ ಇಳಿಸಿ ಬಿಸಿ ಅಳೆಯಿತು. ಮೇಲ್ಗಡೆ 50 ಡಿಗ್ರಿಯ ಆಸುಪಾಸು. 8 ಸೆಂಟಿಮೀಟರ್ ಕೆಳಗೆ, ಅಂದರೆ ನಾಲ್ಕು ಬೆರಳು ಆಳದಲ್ಲಿ, ಸೊನ್ನೆಗಿಂತ 10 ಡಿಗ್ರಿ ಕಡಿಮೆ. ಎಷ್ಟು, ಎಲ್ಲಿ, ಯಾವ ಆಳದಲ್ಲಿ, ಎಲ್ಲ ಹೇಳಿದ್ದಾರೆ. ‘ಚಂದ್ರನಲ್ಲಿ ಉಷ್ಣ ಕ್ರಾಂತಿ’ ಎಂದು ಬರೆಯಲಿಲ್ಲ.

ಅದೇ ಆಗಸ್ಟ್ ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಆಗಿತ್ತು. ಮಳೆ ಶೇಕಡಾ 36 ಕಡಿಮೆ. ಶೇಂಗಾ ಹೂ ಬಿಟ್ಟು ಮಣ್ಣಿಗಿಳಿದು ಕಾಯಿ ಕಟ್ಟಬೇಕಾದ ಹೊತ್ತು ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಚಂದ್ರನ ನಾಲ್ಕು ಬೆರಳು ಆಳದ ಸುದ್ದಿ ನಮಗೆ ಸಿಕ್ಕಿತು. ನಮ್ಮ ಹೊಲದ ನಾಲ್ಕು ಬೆರಳು ಆಳದಲ್ಲಿ ತೇವ ಎಷ್ಟಿತ್ತು ಎಂಬುದು ಯಾವ ಪೇಪರಿನಲ್ಲೂ ನನಗೆ ಕಾಣಲಿಲ್ಲ. ಇದು ಇಸ್ರೊದ ತಪ್ಪಲ್ಲ. ಅವರು ಅಳೆಯಲು ಹೋದದ್ದನ್ನು ಅಳೆದು ಬಂದರು. ನಮ್ಮ ನೆಲವನ್ನು ಅಳೆದು ಹೇಳಬೇಕಾದವರು ಬೇರೆ. ಅವರಲ್ಲಿ ನಾವೂ ಇದ್ದೇವೆ.

ಏನು ಮಾಡಬಹುದು?

ಹೊಸದು ಏನೇ ಬರಲಿ, ಇಡೀ ಹೊಲಕ್ಕೆ ಹಾಕಬೇಡಿ. ಪಕ್ಕದಲ್ಲಿ ನಾಲ್ಕು ಸಾಲು ಹಳೇ ಪದ್ಧತಿಯಲ್ಲೇ ಬಿಡಿ. ಬೆಳೆ ಬಂದಾಗ ಎರಡನ್ನೂ ಬೇರೆ ಬೇರೆ ತೂಗಿ. ಖರ್ಚು, ಬಿತ್ತಿದ ದಿನ, ಬಿದ್ದ ಮಳೆ ಬರೆದಿಡಿ. ಮಳೆ ಅಳೆಯಲು ನೇರ ಗೋಡೆಯ ಒಂದು ಡಬ್ಬಿ, ಸ್ಕೂಲಿನ ಒಂದು ಸ್ಕೇಲು ಸಾಕು.

ಸಂಪಾದಕರಿಗೂ ಒಂದು ಕೋರಿಕೆ. ‘ಆಮೇಲೆ ಏನಾಯಿತು?’ ಎಂದು ಪತ್ರಿಕೆಯಲ್ಲಿ ಒಂದು ಕಾಲಂ ಮೀಸಲಿಡಿ. ಹೊಸ ತಳಿ, ಹೊಸ ಔಷಧಿ, ಹೊಸ ಯಂತ್ರದ ಬಗ್ಗೆ ಒಂದು ವರ್ಷ ಕಳೆದ ಮೇಲೆ ಬಳಸಿದವರೇ ಅಲ್ಲಿ ಬರೆಯಲಿ. ಗೆದ್ದವರಷ್ಟೇ ಅಲ್ಲ, ಸೋತವರೂ ಬರೆಯಲಿ. ಸೋತ ಲೆಕ್ಕ ಒಂದು ಸಲ ಅಚ್ಚಾದರೆ ಹತ್ತು ಜನರ ಬೀಜದ ದುಡ್ಡು ಉಳಿಯುತ್ತದೆ.

ಶೇಂಗಾಕ್ಕೆ ಯೂರಿಯಾ ಅಷ್ಟಾಗಿ ಬೇಕಿಲ್ಲ. ಹಾಗಾಗಿ ಮುಂದಿನ ಮುಂಗಾರಿಗೆ ನನ್ನ ರಾಗಿ ಹೊಲದಲ್ಲಿ ನಾಲ್ಕು ಸಾಲಿಗೆ ಬಾಟಲಿ, ನಾಲ್ಕು ಸಾಲಿಗೆ ಮೂಟೆ, ನಾಲ್ಕು ಸಾಲಿಗೆ ಬರೀ ಕೊಟ್ಟಿಗೆ ಗೊಬ್ಬರ ಹಾಕುತ್ತೇನೆ. ಮಳೆ ಬಂದರೆ ತೂಕದ ಲೆಕ್ಕ ಇದೇ ಪತ್ರಿಕೆಗೆ ಕಳಿಸುತ್ತೇನೆ. ಬರದಿದ್ದರೆ ಅದನ್ನೂ ಮಿಲಿಮೀಟರಿನಲ್ಲೇ ಬರೆಯುತ್ತೇನೆ.