ಆ 3+ ಬರೆದದ್ದು ನಾನೇ

ದೀಪಾವಳಿಗೆ ಭೀಮರಾಯನಗುಡಿಗೆ ಹೋಗಿದ್ದೆ. ಬ್ಯಾಗ್ ಇನ್ನೂ ಕೆಳಗಿಟ್ಟಿರಲಿಲ್ಲ, ಅಕ್ಕ ಚಹಾದ ಬದಲು ಫೋನ್ ಕೈಗಿಟ್ಟಳು.

"ನೋಡಪಾ ತಮ್ಮಾ, ನಿನ್ನ ಅಳಿಯ ಒಂದ್ ವಾರದಿಂದ ಈ ಆಟ ಹಾಕ್ಕೊಡು ಅಂತ ಬೆನ್ನ ಹತ್ಯಾನ. ಇಲ್ಲಿ 12+ ಅಂತ ಬರ್ದದ. ಅವಂಗ ಬರೋ ಜನವರಿಗೆ ಹನ್ನೆರಡು ತುಂಬ್ತಾವ. ಅಲ್ಲಿತನ ತಡಿಲೋ, ಈಗೇ ಹಾಕ್ಕೊಡ್ಲೋ?"

ಅಳಿಯ ಬಾಗಿಲ ಹಿಂದೆ ನಿಂತು ಕೇಳ್ತಿದ್ದ. "ಎರಡ ತಿಂಗಳಾಗ ನಂಗ ಏನ್ ಆಗ್ತದ ಮಾಮಾ?" ಅಂದ. ಪ್ರಶ್ನೆಯೇನೋ ಸರಿಯಾಗೇ ಇತ್ತು.

ಅಕ್ಕ ಬಿಡಲಿಲ್ಲ. "ಸುಮ್ನ ಬರ್ದಿರ್ತಾರೇನು? ಸಿನಿಮಾಕ್ಕ ಹಾಕ್ದಂಗ ಸರ್ಕಾರದವ್ರು ನೋಡೇ ಹಾಕಿರ್ತಾರಲ್ಲ?"

ಹೌದು ಅಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗೀತಿತ್ತು. ಅನ್ನೋಕೆ ಬಾಯಿ ಬರಲಿಲ್ಲ. ಯಾಕಂದ್ರೆ ಅಂಥದ್ದೊಂದು ಅಂಕಿಯನ್ನು ಒಮ್ಮೆ ನಾನೇ ಬರೆದಿದ್ದೇನೆ.

ಹತ್ತು ನಿಮಿಷದ ಫಾರ್ಮ್

ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸ ಮೊಬೈಲ್ ಗೇಮ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ಮಕ್ಕಳಿಗಾಗಿ ಬಣ್ಣ ಜೋಡಿಸುವ ಆಟ ಮಾಡಿದ್ದೆವು. ಪ್ಲೇ ಸ್ಟೋರ್‌ಗೆ ಹಾಕುವ ದಿನ ನಮ್ಮ ಲೀಡ್, "ರೇಟಿಂಗ್ ಫಾರ್ಮ್ ಒಂದು ಬಾಕಿ ಇದೆ, ತುಂಬಿಬಿಡು" ಅಂದರು. ತುಂಬಿದೆ.

ಆ ಫಾರ್ಮ್ ಐಎಆರ್‌ಸಿ ಅನ್ನೋ ವ್ಯವಸ್ಥೆಯದ್ದು. ಬೇರೆ ಬೇರೆ ದೇಶಗಳ ರೇಟಿಂಗ್ ಸಂಸ್ಥೆಗಳು 2013ರಲ್ಲಿ ಸೇರಿ ಕಟ್ಟಿಕೊಂಡ ಒಕ್ಕೂಟ ಇದು. ಗೂಗಲ್ ಪ್ಲೇ 2015ರಿಂದ ಇದನ್ನು ಬಳಸುತ್ತಿದೆ. ದಿನಕ್ಕೆ ಸಾವಿರಗಟ್ಟಲೆ ಆ್ಯಪ್ ಬರುವ ಅಂಗಡಿಯಲ್ಲಿ ಪ್ರತಿಯೊಂದನ್ನೂ ಯಾರೋ ಕೂತು ಆಡಿ ನೋಡೋದು ಆಗದ ಮಾತು. ಹಾಗಾಗಿ ಪ್ರಶ್ನೆಗಳನ್ನು ಆಟ ಮಾಡಿದವನಿಗೇ ಕೇಳುತ್ತಾರೆ. ಹೊಡೆದಾಟ ಇದೆಯಾ? ರಕ್ತ ಕಾಣುತ್ತಾ? ಬೈಗುಳ ಇದೆಯಾ? ಜೂಜು? ಮದ್ಯ, ತಂಬಾಕು? ಆಡುವವರು ಒಬ್ಬರಿಗೊಬ್ಬರು ಮೆಸೇಜ್ ಮಾಡಬಹುದಾ? ಆಟದೊಳಗೆ ದುಡ್ಡು ಕೊಟ್ಟು ಏನಾದರೂ ಕೊಳ್ಳಬಹುದಾ?

ಹೌದು, ಇಲ್ಲ, ಇಲ್ಲ, ಇಲ್ಲ. ಮುಗೀತು. ಅಷ್ಟಕ್ಕೇ ಒಂದೊಂದು ದೇಶದ್ದೂ ಒಂದೊಂದು ರೇಟಿಂಗ್ ಸಿದ್ಧವಾಗುತ್ತದೆ: ಅಮೆರಿಕಕ್ಕೆ ಇಎಸ್‌ಆರ್‌ಬಿ, ಯುರೋಪಿನ ಬಹುತೇಕ ದೇಶಗಳಿಗೆ ಪೆಗಿ, ಜರ್ಮನಿಗೆ ಯುಎಸ್‌ಕೆ, ಬ್ರೆಜಿಲ್ ಮತ್ತು ಆಸ್ಟ್ರೇಲಿಯಾಕ್ಕೆ ಅವರವರದ್ದು. ಹೀಗೆ ಸ್ವಂತ ವ್ಯವಸ್ಥೆ ಇಲ್ಲದ ದೇಶಗಳಿಗೆಲ್ಲ ಒಂದು ಸಾಮಾನ್ಯ ಅಂಕಿ: 3+, 7+, 12+, 16+ ಅಥವಾ 18+. ಭಾರತದ ಫೋನ್‌ಗಳಲ್ಲಿ ಕಾಣೋದು ಈ ಸಾಮಾನ್ಯ ಅಂಕಿ. ಅದನ್ನು ದೆಹಲಿಯಲ್ಲಿ ಯಾರೂ ನೋಡಿರುವುದಿಲ್ಲ, ಬೆಂಗಳೂರಿನಲ್ಲೂ ನೋಡಿರುವುದಿಲ್ಲ.

ನಮ್ಮ ಆಟಕ್ಕೆ 3+ ಬಂತು. ಎಲ್ಲರೂ ಖುಷಿಪಟ್ಟೆವು.

ಆರು ತಿಂಗಳಾದ ಮೇಲೆ ಅಪ್‌ಡೇಟ್ ಒಂದರಲ್ಲಿ ಚಾಟ್ ಸೇರಿಸಿದೆವು. ಹೊಸ ಸೌಲಭ್ಯ ಬಂದಾಗ ಫಾರ್ಮ್ ಮತ್ತೆ ತುಂಬಬೇಕು ಅನ್ನೋದು ನಿಯಮ. ನನ್ನ ಕೆಲಸಗಳ ಪಟ್ಟಿಯಲ್ಲಿ ಅದೂ ಇತ್ತು. ಶುಕ್ರವಾರ ಸಂಜೆ, ಊರಿನ ಬಸ್ಸಿಗೆ ಹೊತ್ತಾಗಿತ್ತು. ಸೋಮವಾರ ನೋಡೋಣ ಅಂತ ಬಿಟ್ಟೆ. ಆ ಸೋಮವಾರ ಬರಲೇ ಇಲ್ಲ.

ಬಂದದ್ದು ಒಂದು ರಿವ್ಯೂ. ಒಂದೇ ಸ್ಟಾರ್. ಬರೆದವರು ಒಬ್ಬ ತಾಯಿ: 3+ ಅಂತ ನೋಡಿ ಏಳು ವರ್ಷದ ಮಗಳಿಗೆ ಕೊಟ್ಟಿದ್ದೆ, ಯಾರೋ ಗುರುತಿಲ್ಲದವರು ಅವಳ ಫೋಟೊ ಕಳಿಸು ಅಂತ ಕೇಳ್ತಿದ್ದಾರೆ, ನಿಮಗೆ ಮಕ್ಕಳಿಲ್ಲವಾ ಅಂತ. ಚಾಟ್ ಅನ್ನು ಅವತ್ತೇ ತೆಗೆದೆವು. ಆದರೆ ಆ ತಾಯಿ ನಂಬಿದ್ದ ಅಂಕಿಯ ಹಿಂದೆ ಇದ್ದದ್ದು ಬಸ್ಸಿಗೆ ಓಡುವ ಅವಸರದಲ್ಲಿದ್ದ ನಾನು. ಆ ದಿನ ಊಟ ಸೇರಲಿಲ್ಲ.

ಇನ್ನೂ ಕೆಟ್ಟ ಸಂಗತಿ ಆಮೇಲೆ ತಿಳೀತು. ಫಾರ್ಮ್ ಸರಿಯಾಗಿ ತುಂಬಿದ್ದರೂ ನಮ್ಮ ದೇಶದಲ್ಲಿ ಆ ಅಂಕಿ ಬಹುಶಃ 3+ ಆಗೇ ಇರ್ತಿತ್ತು! ಯಾಕಂದ್ರೆ ಅಂಕಿ ಮುಖ್ಯವಾಗಿ ಹೇಳೋದು ಪರದೆ ಮೇಲೆ ಏನು ಕಾಣುತ್ತೆ ಅನ್ನೋದನ್ನ. ಆ ಕಡೆ ಯಾರು ಕೂತಿದ್ದಾರೆ ಅನ್ನೋದು, ದುಡ್ಡು ಕೇಳುತ್ತಾ ಅನ್ನೋದು ಸಾಮಾನ್ಯವಾಗಿ ಪಕ್ಕದ ಸಣ್ಣ ಅಕ್ಷರದ ಸಾಲಿಗೆ ಹೋಗುತ್ತೆ. ಆ ಸಾಲನ್ನು ಎಷ್ಟು ಜನ ಓದ್ತೀವಿ, ನೀವೇ ಹೇಳಿ.

ಕಾಯ್ದೆ ಬಂದರೆ ಅಂಗಡಿ ಬದಲಾಗುತ್ತೆ

ಜರ್ಮನಿಯವರು ಇದೇ ಜಾಗದಲ್ಲಿ ಕೈಹಾಕಿದರು. 2021ರಲ್ಲಿ ತಮ್ಮ ಮಕ್ಕಳ ರಕ್ಷಣಾ ಕಾಯ್ದೆಯನ್ನು ತಿದ್ದಿದರು. 2023ರಿಂದ ಅಲ್ಲಿನ ಯುಎಸ್‌ಕೆ ಸಂಸ್ಥೆ ವಯಸ್ಸು ನಿರ್ಧರಿಸುವಾಗ ಚಾಟ್, ದುಡ್ಡಿನ ಒತ್ತಡ, ಅದೃಷ್ಟದ ಪೆಟ್ಟಿಗೆ ಇವನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಹೀಗಾಗಿ ಒಂದೇ ಆಟ, ಒಂದೇ ಉತ್ತರ, ಆದರೆ ಅಲ್ಲೊಂದು ಅಂಕಿ ಇಲ್ಲೊಂದು ಅಂಕಿ ಇರಬಹುದು.

ಕಂಪ್ಯೂಟರ್ ಗೇಮ್ ಮಾರುವ ದೊಡ್ಡ ಅಂಗಡಿ ಸ್ಟೀಮ್ ಕಥೆ ಗೊತ್ತಲ್ಲ? ನವೆಂಬರ್ 15, 2024ರಿಂದ ವಯಸ್ಸಿನ ರೇಟಿಂಗ್ ಇಲ್ಲದ ಆಟಗಳನ್ನು ಜರ್ಮನಿಯ ಗಿರಾಕಿಗಳಿಗೆ ತೋರಿಸೋದನ್ನೇ ನಿಲ್ಲಿಸಿತು. ಅದು ತಾನಾಗಿ ಮಾಡಿದ್ದಲ್ಲ, ಅಲ್ಲಿನ ಕಾಯ್ದೆ ಮಾಡಿಸಿದ್ದು. ಮನೆಯಲ್ಲಿ ಒಬ್ಬರೇ ಕೂತು ಗೇಮ್ ಬರೆಯುವವರೂ ಫಾರ್ಮ್ ತುಂಬಬೇಕಾಯ್ತು. ತುಂಬದವರ ಆಟ ಅಲ್ಲಿನ ಕಪಾಟಿನಿಂದ ಮಾಯ. ಆಸ್ಟ್ರೇಲಿಯಾದಲ್ಲಿ 2024ರ ಸೆಪ್ಟೆಂಬರ್ 22ರ ನಂತರ ರೇಟಿಂಗ್ ಪಡೆಯುವ ಆಟಗಳಲ್ಲಿ ಕ್ಯಾಸಿನೊ ಥರದ ಜೂಜು ಇದ್ದರೆ ನೇರ 18ರ ಮೇಲಿನವರಿಗೆ. ದುಡ್ಡು ಕೊಟ್ಟು ಅದೃಷ್ಟದ ಪೆಟ್ಟಿಗೆ ಒಡೆಯುವ ಆಟವಾದರೆ, 15ರೊಳಗಿನವರಿಗೆ ತಕ್ಕದ್ದಲ್ಲ ಅನ್ನುವ ದರ್ಜೆಗಿಂತ ಕೆಳಗೆ ಇಳಿಯುವಂತಿಲ್ಲ.

ಎಲ್ಲ ದೇಶಗಳೂ ಹೀಗಿಲ್ಲ. ಅಮೆರಿಕದಲ್ಲಿ ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಬಾರದು ಅಂತ ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ್ದ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2011ರಲ್ಲಿ ರದ್ದು ಮಾಡಿತು. ಅಲ್ಲಿ ರೇಟಿಂಗ್ ಅನ್ನೋದು ಉದ್ಯಮ ತಾನೇ ಒಪ್ಪಿಕೊಂಡು ನಡೆಸುವ ವ್ಯವಸ್ಥೆ.

ನಮ್ಮಲ್ಲಿ ಬೀಗ ಉಂಟು

ನಾವು ಸಣ್ಣವರಿದ್ದಾಗ ಕಾಲೊನಿ ಹುಡುಗರೆಲ್ಲ ಸೈಕಲ್ ಮೇಲೆ ಶಹಾಪುರದ ಟಾಕೀಸಿಗೆ ಹೋಗ್ತಿದ್ವಿ. ಪೋಸ್ಟರ್ ಮೂಲೆಯ 'ಎ' ಅಕ್ಷರ ನಮಗೆ ಯಾವತ್ತೂ ಅಡ್ಡ ಬಂದದ್ದಿಲ್ಲ. ಅಡ್ಡ ಬರ್ತಿದ್ದದ್ದು ಗೇಟಿನ ಕಾಕಾ. "ಯಾರ ಮಗ ಲೇ ನೀ? ಪ್ರಾಜೆಕ್ಟಿನ್ಯಾಗ ಇರೋ ಆ ಸಾಹೇಬ್ರ ಮಗ ಹೌದಲ್ಲೋ? ನಡಿ ಮನಿಗಿ!" ಅಂತಿದ್ದ. ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ವಾರ್ಟರ್ಸ್‌ನ ಅಷ್ಟೂ ಅಪ್ಪಂದಿರು ಅವನಿಗೆ ಗೊತ್ತು. ಆದರೂ ಆ 'ಎ' ಅಕ್ಷರದ ಹಿಂದೆ 1952ರ ಒಂದು ಕಾಯ್ದೆ ಇತ್ತು, ಸಿನಿಮಾ ಪೂರ್ತಿ ನೋಡಿದ ಒಂದು ಮಂಡಳಿ ಇತ್ತು. 2023ರ ತಿದ್ದುಪಡಿಯಲ್ಲಿ ಯು/ಎ ದರ್ಜೆಯನ್ನೂ 7+, 13+, 16+ ಅಂತ ಬಿಡಿಸಿದರು. ಒಟಿಟಿಗೂ 2021ರ ನಿಯಮಗಳಲ್ಲಿ ಇಂಥದ್ದೇ ದರ್ಜೆ ಬಂದಿವೆ.

ವಿಡಿಯೊ ಗೇಮ್‌ಗೆ ಮಾತ್ರ ಸಿನಿಮಾದಂಥ ಪ್ರಮಾಣಪತ್ರ ಮಂಡಳಿ ಇಲ್ಲ. ಗೇಮ್ ವಿಷಯದಲ್ಲಿ ನಮ್ಮ ಕಾನೂನಿಗೆ ಚೆನ್ನಾಗಿ ಬರೋದು ಒಂದೇ, ಬೀಗ ಹಾಕೋದು.

2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಹೋಯ್ತು, ಜತೆಗೆ ಇನ್ನೂ 117 ಆ್ಯಪ್. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್. ಅದೇ ವರ್ಷ ಜುಲೈನಲ್ಲಿ ಪಬ್‌ಜಿಯ ಭಾರತದ ರೂಪ ಬಿಜಿಎಂಐ ಅಂಗಡಿಗಳಿಂದ ಮಾಯ. 2023ರ ಮೇನಲ್ಲಿ ಮೂರು ತಿಂಗಳ ಪರೀಕ್ಷೆಯ ಷರತ್ತಿನ ಮೇಲೆ ವಾಪಸ್. ಇವಕ್ಕೆ ಮೂಲ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ. ಕೊಟ್ಟ ಕಾರಣ ದೇಶದ ಭದ್ರತೆ, ಬಳಕೆದಾರರ ಮಾಹಿತಿ. ಹನ್ನೊಂದರ ಹುಡುಗನಿಗೆ ಆ ಆಟ ತಕ್ಕದ್ದೋ ಅಲ್ಲವೋ ಅನ್ನೋ ಪ್ರಶ್ನೆ ಅಲ್ಲಿ ಬರೋದೇ ಇಲ್ಲ. ಬೀಗ ಬಿದ್ದ ಮೇಲೆ ಹುಡುಗರು ಸುಮ್ಮನಾದರಾ? ಒಬ್ಬನ ಫೋನಿಂದ ಇನ್ನೊಬ್ಬನ ಫೋನಿಗೆ ಎಪಿಕೆ ಫೈಲ್ ಹೋಯ್ತು. ಆ ದಾರಿಯಲ್ಲಿ 12+ ಅಂತ ಬರೆದ ಸಣ್ಣ ಚೀಟಿ ಕೂಡ ಇರಲ್ಲ.

ಕರ್ನಾಟಕವೂ ಒಂದು ಬೀಗ ಹಾಕಿ ನೋಡಿತು. ಪೊಲೀಸ್ ಕಾಯ್ದೆಯ ತಿದ್ದುಪಡಿ 2021ರ ಅಕ್ಟೋಬರ್ 5ರಿಂದ ಜಾರಿಗೆ ಬಂತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲ ಅಪರಾಧವಾದವು. ಅಂಥ ಒಂದು ಕಂಪನಿಯಲ್ಲಿದ್ದ ಗೆಳೆಯ ಹೇಳಿದ್ದ, ಅವರು ಮಾಡಿದ್ದು ಇಷ್ಟೇ: ನಿರ್ಬಂಧಿತ ರಾಜ್ಯಗಳ ಪಟ್ಟಿಗೆ ಕರ್ನಾಟಕದ ಹೆಸರು ಸೇರಿಸಿದರು. ಆ ಪಟ್ಟಿಯಲ್ಲಿ ತೆಲಂಗಾಣ 2017ರಿಂದಲೇ ಇತ್ತು. ಅಂದ್ರೆ ಅಲ್ಲಿವರೆಗೆ ರಾಯಚೂರಿನಿಂದ ರೈಲು ಹತ್ತಿ ಕೃಷ್ಣಾ ನದಿಯ ಸೇತುವೆ ದಾಟಿದರೆ ಫೋನಿನ ರಮ್ಮಿ ಬಂದ್, ವಾಪಸ್ ಬಂದರೆ ಚಾಲೂ. ದೇಶ ಯಾವುದು ಅಂತ ಅಂಗಡಿ ನಿಮ್ಮ ಖಾತೆ ನೋಡಿ ತಿಳಿಯುತ್ತೆ. ರಾಜ್ಯ ಯಾವುದು ಅಂತ ಆ್ಯಪ್ ನಿಮ್ಮ ಜಿಪಿಎಸ್ ನೋಡಿ ತಿಳಿಯುತ್ತೆ. ಕಾಯ್ದೆ ಕೊನೆಗೆ ಕೋಡಿನಲ್ಲಿ ಒಂದು ಸಾಲಾಗುತ್ತೆ.

2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಂಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನಿಲ್ಲಲಿಲ್ಲ. ಮೂರೂವರೆ ವರ್ಷದ ನಂತರ ಕೇಂದ್ರದ ಕಾಯ್ದೆಯೇ ಬಂತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆ ಕಾಯ್ದೆಯ ಪ್ರಕಾರ ದುಡ್ಡಿನ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಸಂಬಳ ಬಂದ ದಿನವೇ ರಮ್ಮಿಗೆ ಸುರಿದ ಗೆಳೆಯರನ್ನು ನೋಡಿದವನು ನಾನು, ಇದು ಬೇಡವಾಗಿತ್ತು ಅಂತ ಹೇಳಲಾರೆ. ಆದರೆ ಆ ಕಾಯ್ದೆ ಮುಖ್ಯವಾಗಿ ಕೇಳೋದು ಪಣಕ್ಕೆ ದುಡ್ಡು ಇಟ್ಟಿದ್ದೀರಾ ಅಂತ. ಅಕ್ಕ ಕೇಳ್ತಿದ್ದದ್ದು ಬೇರೆ.

ಅಳಿಯ ತುಂಬಿದ ಫಾರ್ಮ್

ಇಷ್ಟೆಲ್ಲ ಅಕ್ಕನಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, "ಅಂದ್ರ ಇದನ್ನ ಯಾರೂ ನೋಡಿಲ್ಲ ಅಂತಾಯ್ತು. ಮತ್ತ ನೀ ನೋಡು" ಅಂದು ಒಳಗೆ ಹೋದಳು.

ಆಟವನ್ನು ನನ್ನ ಫೋನಿಗೆ ಹಾಕಿಕೊಂಡೆ. ಅಳಿಯನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ತಾಸು ಇಬ್ಬರೂ ಆಡಿದೆವು. ಆಮೇಲೆ ಅವನ ಕೈಗೆ ಹಾಳೆ, ಪೆನ್ನು ಕೊಟ್ಟು ನನಗೆ ನೆನಪಿದ್ದಷ್ಟು ಪ್ರಶ್ನೆ ಕೇಳಿದೆ. ಆಟ ಮಾಡಿದವನು ನೀನೇ ಅಂತ ತಿಳಕೊಂಡು ಖರೆ ಬರಿ ಅಂದೆ.

ಹೊಡೆದಾಟ? "ಅದ. ರಕ್ತ ಇಲ್ಲ, ಹೊಗಿ ಬರ್ತದ." ಬೈಗುಳ? "ಆಟ ಬೈಯಲ್ಲ. ಆಡವ್ರು ಬೈತಾರ." ಗುರುತಿಲ್ಲದವರು ಮಾತಾಡಬಹುದಾ? ಸ್ವಲ್ಪ ತಡೆದು, "ಹೂಂ." ದುಡ್ಡು ಕೇಳುತ್ತಾ? "ಪೆಟ್ಟಿಗಿ ತೆಗಿಲಾಕ ಕೇಳ್ತದ." ಪೆಟ್ಟಿಗೆಯಲ್ಲಿ ಏನಿದೆ ಅಂತ ಮೊದಲೇ ಗೊತ್ತಾಗುತ್ತಾ? "ಇಲ್ಲ." ಸಾಕು ಅನಿಸಿದಾಗ ನಿಲ್ಲಿಸೋಕೆ ಬಿಡುತ್ತಾ? ಇದು ಫಾರ್ಮಿನಲ್ಲಿಲ್ಲ, ನಾನೇ ಸೇರಿಸಿದ್ದು. ಅವನು ನಕ್ಕ. "ಇಲ್ಲ ಮಾಮಾ. ನಾಳಿ ಬರ್ಲಿಲ್ಲಂದ್ರ ಕಾಯಿನ್ ಹೋಗ್ತಾವ ಅಂತದ."

"ಹಂಗಾದ್ರ ಎಷ್ಟ್ ಬರೀತಿ?"

ಹಾಳೆಯನ್ನು ತುಸು ಹೊತ್ತು ನೋಡಿದ. "15" ಅಂತ ಬರೆದ. ಅದನ್ನು ಹೊಡೆದು "14" ಮಾಡಿದ. ಆಮೇಲೆ ಕೇಳಿದ, "ಚಾಟ್ ಬಂದ್ ಮಾಡಿ, ಪೆಟ್ಟಿಗಿಗೆ ರೊಕ್ಕ ಹಾಕಲಾರದಂಗ ಮಾಡಿದ್ರ 12 ಆಗ್ತದಲ್ಲ ಮಾಮಾ?"

ಬೆಂಗಳೂರಿನ ಎಷ್ಟೋ ಮೀಟಿಂಗ್‌ಗಳಲ್ಲಿ ಇಷ್ಟು ನೆಟ್ಟಗಿನ ಪ್ರಶ್ನೆ ಕೇಳಿಲ್ಲ.

ಅವನು ಹೇಳಿದಂತೆಯೇ ಮಾಡಿದೆವು. ಮನೆಯಲ್ಲಿ ಮಕ್ಕಳಿರುವವರು ನೀವೂ ಮಾಡಬಹುದು. ಪ್ಲೇ ಸ್ಟೋರ್‌ನಲ್ಲಿ ಮೇಲಿನ ನಿಮ್ಮ ಫೋಟೊ ಒತ್ತಿದರೆ ಸೆಟ್ಟಿಂಗ್ಸ್, ಅದರಲ್ಲಿ ಫ್ಯಾಮಿಲಿ, ಅದರೊಳಗೆ ಪೇರೆಂಟಲ್ ಕಂಟ್ರೋಲ್ಸ್. ಒಂದು ಪಿನ್ ಇಟ್ಟು ವಯಸ್ಸಿನ ಮಿತಿ ಹಾಕಿ. ಇದು ಹೊಸದಾಗಿ ಡೌನ್‌ಲೋಡ್ ಮಾಡೋದನ್ನು ಮಾತ್ರ ತಡೆಯುತ್ತೆ, ಮೊದಲೇ ಇರೋ ಆಟಗಳನ್ನು ನೀವೇ ಒಂದೊಂದಾಗಿ ನೋಡಬೇಕು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ಐಫೋನ್‌ನಲ್ಲಿ ಇದೆಲ್ಲ ಸ್ಕ್ರೀನ್ ಟೈಮ್ ಒಳಗಿದೆ. ಚಾಟ್ ಬಂದ್ ಮಾಡೋದು ಆಟದ ಸ್ವಂತ ಸೆಟ್ಟಿಂಗ್ಸ್‌ನಲ್ಲಿರುತ್ತೆ. ಅಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ ಆ ಆಟ ಬೇಡ.

ಇನ್ನು ನನ್ನ ಹಾಗೆ ಆ್ಯಪ್ ಮಾಡುವ ಕೆಲಸದಲ್ಲಿರುವವರಿಗೆ ಒಂದು ಮಾತು. ಆ ಫಾರ್ಮ್ ಅನ್ನು ಹೊಸದಾಗಿ ಸೇರಿದ ಹುಡುಗನ ಕೈಗೆ ಶುಕ್ರವಾರ ಸಂಜೆ ಕೊಡಬೇಡಿ. ಜರ್ಮನಿಯ ಗಿರಾಕಿಗೋಸ್ಕರ ಹೇಗೂ ನೆಟ್ಟಗೆ ತುಂಬಲೇಬೇಕು. ಶಹಾಪುರ ತಾಲ್ಲೂಕಿನ ಹುಡುಗನಿಗೋಸ್ಕರ ಕೇಳುವವರು ಯಾರೂ ಇಲ್ಲ, ಅದಕ್ಕೇ ಇನ್ನೊಂದು ಸಲ ಓದಿ ತುಂಬಿ.

ಬೆಂಗಳೂರಿಗೆ ಹೊರಡುವ ದಿನ ಅಳಿಯನ ಹಾಳೆ ಫ್ರಿಜ್ ಮೇಲೆ ಅಂಟಿತ್ತು. ಕೆಳಗೆ ಅಕ್ಕ ತನ್ನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಳು: "ದಿನಕ್ಕ ಅರ್ಧ ತಾಸು. ಅವ್ವ ಮನ್ಯಾಗ ಇದ್ದಾಗ."