ನಾಯಿಯ ತಟ್ಟೆಯ ಮೇಲೂ ಒಂದು ಕಣ್ಣಿರಲಿ

ಅಕ್ಕಂದಿರೇ,

ಹಸು ಮೆಲುಕು ಹಾಕುವುದನ್ನು ನಿಲ್ಲಿಸಿದರೆ ನಿಮಗೆ ಯಾರೂ ಹೇಳಬೇಕಾಗಿಲ್ಲ. ಹಾಲು ಅರ್ಧ ಲೀಟರು ಕಡಿಮೆಯಾದರೂ ಸಾಕು, ಕಿವಿ ಮುಟ್ಟಿ ನೋಡುತ್ತೀರಿ, ಕೆಚ್ಚಲು ಅದುಮಿ ನೋಡುತ್ತೀರಿ, ಸಗಣಿ ಗಟ್ಟಿಯೋ ತೆಳುವೋ ಎಂದು ಗಮನಿಸುತ್ತೀರಿ. ಡಾಕ್ಟರು ಬರುವ ಮೊದಲೇ ಅರ್ಧ ಕಾಯಿಲೆ ನಿಮಗೆ ಗೊತ್ತಾಗಿರುತ್ತದೆ. ಅದೇ ಕೊಟ್ಟಿಗೆ ಬಾಗಿಲಲ್ಲಿ ಮಲಗುವ ನಾಯಿ ಮಂಕಾದರೆ ಮಾತ್ರ, "ಎರಡು ದಿನ ಬಿಟ್ಟರೆ ತಾನೇ ಸರಿಹೋಗುತ್ತೆ" ಎನ್ನುತ್ತೇವೆ. ಈ ಉದಾಸೀನದಿಂದ ನಾಯಿಗೂ ಕೇಡು, ಹಸುವಿಗೂ ಕೇಡು, ಮನೆಮಕ್ಕಳಿಗೂ ಕೇಡು ಎಂದು ನನ್ನ ಅಭಿಪ್ರಾಯ.

ನಾಯಿಯನ್ನು ನೋಡಲು ಹೊಸ ವಿದ್ಯೆ ಬೇಕಿಲ್ಲ. ತಟ್ಟೆಗೆ ಹಾಕಿದ್ದನ್ನು ಇಡೀ ದಿನ ಮೂಸಿ ಬಿಟ್ಟರೆ, ಕರೆದರೂ ಏಳದಿದ್ದರೆ, ಕತ್ತಲೆ ಮೂಲೆ ಹುಡುಕಿ ಮಲಗಿದರೆ ಎಚ್ಚರ ವಹಿಸಿ. ನಾಯಿ ಎಂದಿನಂತೆ ಸಾಧುವಾಗಿದ್ದರೆ ತುಟಿ ಎತ್ತಿ ಒಸಡು ನೋಡಿ. ಹುಟ್ಟಿನಿಂದ ಕಪ್ಪು ಒಸಡಿರುವ ನಾಯಿಗಳನ್ನು ಬಿಟ್ಟರೆ, ಬಣ್ಣ ತಿಳಿ ಗುಲಾಬಿ ಇರಬೇಕು. ಒಸಡು ಬಿಳಿಚಿಕೊಂಡು, ಮೈಮೇಲೆ ಉಣ್ಣೆ ತುಂಬಿ, ಜ್ವರವೂ ಇದ್ದರೆ ಉಣ್ಣೆ ಜ್ವರದ ಅನುಮಾನ ಪಡಬೇಕು. ಕೆಲವಕ್ಕೆ ಮೂಗಿನಲ್ಲಿ ರಕ್ತವೂ ಬರುತ್ತದೆ. ಮೂಗು ಒಣಗಿದೆಯೆಂದ ಮಾತ್ರಕ್ಕೆ ಜ್ವರ ಎನ್ನಲಾಗದು. ಗುದದಲ್ಲಿ ಥರ್ಮಾಮೀಟರ್ ಇಟ್ಟರೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯ. 103 ದಾಟಿದರೆ ಡಾಕ್ಟರಿಗೆ ತೋರಿಸಿ. ಮರಿಗೆ ವಾಂತಿಯ ಜೊತೆ ರಕ್ತ ಬೆರೆತ, ದುರ್ವಾಸನೆಯ ಭೇದಿ ಶುರುವಾದರೆ ಅದು ಪಾರ್ವೊ ಇರಬಹುದು. ಮೈಯ ನೀರೆಲ್ಲ ಹೋಗಿ ಎರಡು ಮೂರು ದಿನದಲ್ಲೇ ಸಾಯಬಹುದು. ಅಂದೇ ಆಸ್ಪತ್ರೆಗೆ ಒಯ್ಯಿರಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನಾಗಲಿ, ಹಸುವಿಗೆ ತಂದ ಉಣ್ಣೆ ಔಷಧವನ್ನಾಗಲಿ ಅಂದಾಜಿನ ಮೇಲೆ ನಾಯಿಗೆ ಬಳಸಬೇಡಿ, ವಿಷವಾದೀತು.

ಎಲ್ಲಕ್ಕಿಂತ ಭಯಪಡಬೇಕಾದದ್ದು ಹುಚ್ಚುನಾಯಿ ರೋಗ, ರೇಬೀಸ್. ಸಾಧು ನಾಯಿ ಏಕಾಏಕಿ ಕೆರಳುವುದು, ಚುರುಕಾಗಿದ್ದದ್ದು ಮಂಕಾಗುವುದು, ಬೊಗಳುವ ದನಿ ಬದಲಾಗುವುದು, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುವುದು, ನುಂಗಲಾಗದೆ ಒದ್ದಾಡುವುದು ಇದರ ಲಕ್ಷಣ. "ಗಂಟಲಲ್ಲಿ ಮೂಳೆ ಸಿಕ್ಕಿರಬೇಕು" ಎಂದು ಬಾಯಿಗೆ ಕೈ ಹಾಕಬೇಡಿ. ಕೂಡಿಹಾಕಿ, ಡಾಕ್ಟರಿಗೆ ತಿಳಿಸಿ. ಅಂಥ ನಾಯಿ ಕಚ್ಚಿದ ಹಸುವೂ ಗೊಗ್ಗರು ದನಿಯಲ್ಲಿ ಕೂಗುತ್ತದೆ, ಜೊಲ್ಲು ಸುರಿಸುತ್ತದೆ, ಮೇವು ನುಂಗದು. ಅಲ್ಲಿಯೂ ಕೈ ಹಾಕುವುದು ಅಪಾಯ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಗಾಗಲಿ ಹಸುವಿಗಾಗಲಿ ಉಳಿಗಾಲವಿಲ್ಲ, ಮನುಷ್ಯರಿಗೂ ಅಷ್ಟೇ. ಆದ್ದರಿಂದ ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತಬೇಡಿ. ಹಸುವಿಗೆ ಕಚ್ಚಿದ್ದರೆ ಅದಕ್ಕೂ ಲಸಿಕೆಯ ಸರಣಿ ಇದೆ, ತಡ ಮಾಡದೆ ಪಶುವೈದ್ಯರನ್ನು ಕರೆಸಿ.

ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಹಸು ಕಂದು ಹಾಕಲು ಕಾರಣವಾಗುವ ನಿಯೋಸ್ಪೋರಾ ಎಂಬ ಪರಾವಲಂಬಿ ಜೀವಿ ನಾಯಿಯ ಮಲದಿಂದ ಮೇವಿಗೆ, ನೀರಿಗೆ ಸೇರುತ್ತದೆ. ರೋಗವಿರುವ ಹಸುವಿನ ಕಸವನ್ನೋ ಸತ್ತ ಕಂದನ್ನೋ ತಿಂದ ನಾಯಿಗೆ ಅದು ಅಂಟುತ್ತದೆ. ನಾಯಿ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಆದ್ದರಿಂದ ಕರು ಹಾಕಿದ ಮೇಲೆ ಬಿದ್ದ ಕಸವನ್ನು ನಾಯಿ ಎಳೆಯದಂತೆ ಆಳವಾಗಿ ಹೂಳಿ. ಮೇವಿನ ಬಣವೆಯ ಮೇಲೆ, ಗೋದಲೆಯಲ್ಲಿ ನಾಯಿ ಮಲಗಲು ಬಿಡಬೇಡಿ.

"ನಾಯಿಗೂ ದುಡ್ಡು ಸುರಿಯಬೇಕಾ?" ಎಂದು ಮನೆಯಲ್ಲಿ ಕೇಳುವವರಿದ್ದಾರೆ. ಹಾಲು ಕೊಡದ ಪ್ರಾಣಿಗೆ ಖರ್ಚು ಯಾಕೆ ಎಂಬ ಮಾತು ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಕಂದು ಹಾಕಿದ ಹಸುವಿನಿಂದ ಕೈತಪ್ಪುವ ಹಾಲಿನ ದುಡ್ಡನ್ನು, ಕಚ್ಚಿಸಿಕೊಂಡ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಅಲೆಯುವ ದಿನಗಳ ಕೂಲಿಯನ್ನು ಲೆಕ್ಕ ಹಾಕಿ ಅವರ ಮುಂದಿಡಿ. ಮರಿಗೆ 3 ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷಕ್ಕೊಮ್ಮೆ. 3 ತಿಂಗಳಿಗೊಮ್ಮೆ ಜಂತುಹುಳುವಿನ ಔಷಧ. ಇಷ್ಟರ ಖರ್ಚು ಆ ನಷ್ಟದ ಮುಂದೆ ಏನೂ ಅಲ್ಲ. ಬಟವಾಡೆ ನಿಮ್ಮ ಹೆಸರಿಗೆ ಬರುತ್ತದೆ. ಅದರಲ್ಲಿ ಇಷ್ಟನ್ನು ತೆಗೆದಿಡುವ ಹಕ್ಕೂ ನಿಮಗಿದೆ.

ಸಂಘಕ್ಕೂ ಒಂದು ಮಾತು. ಕಾಲುಬಾಯಿ ಜ್ವರದ ಲಸಿಕೆಗೆ ಊರ ಹಸುಗಳನ್ನೆಲ್ಲ ಸೇರಿಸುತ್ತೇವೆ. ಆ ದಿನವೇ ಊರ ನಾಯಿಗಳಿಗೂ ರೇಬೀಸ್ ಲಸಿಕೆ ಹಾಕಿಸಲು ಪಶು ಆಸ್ಪತ್ರೆಯವರನ್ನು ಸಂಘ ಕೇಳಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಹಲವೆಡೆ ಉಚಿತ ಲಸಿಕೆಯೂ ಸಿಗುತ್ತದೆ. ಮುಂದಿನ ಸಭೆಯಲ್ಲಿ ನೀವೇ ಈ ವಿಷಯ ಎತ್ತಿ, ಠರಾವು ಮಾಡಿಸಿ. ಅಲ್ಲಿಯವರೆಗೆ, ಬೆಳಿಗ್ಗೆ ಹಾಲು ಕರೆದು ಕ್ಯಾನು ಹಿಡಿದು ಡೇರಿಗೆ ಹೊರಡುವ ಮುನ್ನ, ರಾತ್ರಿ ಹಾಕಿದ ಮುದ್ದೆಯನ್ನು ನಾಯಿ ತಿಂದಿದೆಯೋ ಇಲ್ಲವೋ ಒಮ್ಮೆ ನೋಡಿ.